ಮಡಿಗೆ ಹೆಣೆದ ಶಾಲು

ಪುತ್ತೂರು ಪೇಟೆ ಮುಗಿದು ಸವಣೂರಿನ ಕಡೆಗೆ ರಸ್ತೆ ತಿರುಗುವಲ್ಲಿ ನಾಲ್ಕು ಅಂತಸ್ತಿನ ವಸತಿಕಟ್ಟಡವೊಂದಿದೆ. ಅದರ ಮೂರನೆಯ ಮಾಳಿಗೆಯಲ್ಲಿ ಪರಮೇಶ್ವರಿ ಎಂಬ ಗೃಹಿಣಿ ವಾಸವಾಗಿದ್ದಾಳೆ. ಮೇ ತಿಂಗಳ ಸೆಕೆಗೆ ನೆರೆಹೊರೆಯವರೆಲ್ಲ ಬೀಸಣಿಗೆಯನ್ನು ಹುಡುಕುವ ಹೊತ್ತಿನಲ್ಲಿಯೂ ಅವಳ ಮಡಿಲಲ್ಲಿ ನೂಲಿನ ಉಂಡೆಯೊಂದು ಹೊರಳುತ್ತಿರುತ್ತದೆ; ಎರಡು ಕಡ್ಡಿಗಳ ನಡುವೆ ಸಾಲಿನ ಮೇಲೆ ಸಾಲು ಏರುತ್ತಿರುತ್ತದೆ. ಸ್ವೆಟರಿಗೆ ಕೆಲಸವೇ ಇಲ್ಲದ ಊರಿನಲ್ಲಿ ಸ್ವೆಟರು ಹೆಣೆಯುವ ಹೆಂಡತಿಯನ್ನು ನೋಡಿ ಅವಳ ಗಂಡ ಕೃಷ್ಣಮೋಹನ ಹಿಂದೊಮ್ಮೆ, "ಮಾರಾಯ್ತಿ, ಇದನ್ನು ಫ್ರಿಜ್ಜಿಗೆ ತೊಡಿಸುವಾ. ನಮ್ಮ ಮನೆಯಲ್ಲಿ ಚಳಿ ಆಗುದು ಅದಕ್ಕೆ ಮಾತ್ರ," ಎಂದಿದ್ದ. ಅವಳೂ ನಕ್ಕಿದ್ದಳು. ಆದರೆ ಆ ಮಾತು ಅವಳ ಮನಸ್ಸಿನಲ್ಲಿ ಎಲ್ಲೋ ಒಂದು ಕಡೆ ಸಿಕ್ಕಿಕೊಂಡೇ ಉಳಿಯಿತು.

ಹೆಣಿಗೆಯು ಅವಳ ತವರಾದ ಇಚಿಲಂಪಾಡಿಯಿಂದ ಬಂದ ವಿದ್ಯೆಯಲ್ಲ. ಮದುವೆಯಾದ ಹೊಸತರಲ್ಲಿ ಕೃಷ್ಣಮೋಹನನಿಗೆ ಬ್ಯಾಂಕಿನ ಕೆಲಸ ಮಡಿಕೇರಿಯಲ್ಲಿತ್ತು. ಅಲ್ಲಿಯ ಮಂಜಿನ ಮಧ್ಯಾಹ್ನಗಳಲ್ಲಿ ನೆರೆಮನೆಯ ಹೆಂಗಸೊಬ್ಬಳು ಅವಳ ಕೈಗೆ ಕಡ್ಡಿಗಳನ್ನು ಕೊಟ್ಟಳು. ಮಗಳು ನಿಶ್ಮಿತಾ ಹುಟ್ಟಿದಾಗ ಹಳದಿ ಬಣ್ಣದ ಅಂಗಿಯೊಂದು ಸಿದ್ಧವಾಯಿತು. ಅದನ್ನು ಆ ಮಗು ತೊಟ್ಟು ತೊಟ್ಟು ಮೊಣಕೈ ಹರಿದಿತ್ತು. ವರ್ಗಾವಣೆಯ ಕಾರಣದಿಂದ ಸಂಸಾರವು ಘಟ್ಟವಿಳಿದು ಪುತ್ತೂರಿಗೆ ಬಂದ ಮೇಲೆ ಅವಳ ಕೈಕೆಲಸಕ್ಕೆ ಮೈ ಸಿಕ್ಕಲಿಲ್ಲ. ಮನೆಯಲ್ಲಿ ಏನೇ ಬದಲಾದರೂ ಅದಕ್ಕೊಂದು ಹೆಣಿಗೆ ನಡೆಯುತ್ತಿತ್ತು. ಮಗಳು ಹಾಸ್ಟೆಲಿಗೆ ಹೊರಟಾಗ ನೀಳವಾದ ಮಫ್ಲರು. ಅದರಿಂದ ಅವಳು ಹಾಸಿಗೆ ಕಟ್ಟುತ್ತಿದ್ದಳೆಂದು ತಡವಾಗಿ ತಿಳಿಯಿತು. ಗಂಡ ನಿವೃತ್ತನಾದಾಗ ತೋಳಿಲ್ಲದ ಸ್ವೆಟರು; ಅವನು ಅದನ್ನು ಫೋಟೋ ತೆಗೆಯುವಷ್ಟು ಹೊತ್ತು ತೊಟ್ಟು, ಬೆವರೊರೆಸಿಕೊಂಡು ಕಳಚಿಟ್ಟ. ಮಂಗಳೂರಿನಲ್ಲಿರುವ ಮಗಳಿಗೆ ಕೂಸು ಹುಟ್ಟಿದಾಗ ಕಾಲುಚೀಲಗಳು. ಅವು ಬೆವರಿದ ಪುಟ್ಟ ಪಾದಗಳಿಂದ ತಾವೇ ಜಾರಿ ಬಿದ್ದವು. ಮಾವನವರು ಹಾಸಿಗೆ ಹಿಡಿದಾಗ ತೊಡಗಿದ ಹೊದಿಕೆ ಅರ್ಧಕ್ಕೆ ನಿಂತು, ಕಡ್ಡಿ ಚುಚ್ಚಿಕೊಂಡ ಹಾಗೆಯೇ ಪೆಟ್ಟಿಗೆ ಸೇರಿತು. ಅವಳು ಹೆಣೆದದ್ದು ಅಪಾರ. ಘಟ್ಟವಿಳಿದ ಮೇಲೆ ಅದರಲ್ಲಿ ಯಾರಾದರೂ ತೊಟ್ಟು ಸವೆಸಿದ್ದು ಒಂದೂ ಇಲ್ಲ.

ಮಾವನವರು ತೀರಿಕೊಂಡ ಮೇಲೆ ಅತ್ತೆ ತಿಮ್ಮಕ್ಕ ಕೆಲವು ಕಾಲ ಐವರ್ನಾಡಿನಲ್ಲಿ ಹಿರಿಯ ಮಗ ಶ್ಯಾಮನ ಮನೆಯಲ್ಲಿದ್ದರು. ಉಬ್ಬಸ ಹೆಚ್ಚಾದುದರಿಂದ, ವೈದ್ಯರು ಹತ್ತಿರವಿರುವರೆಂಬ ಕಾರಣಕ್ಕೆ ಪುತ್ತೂರಿನ ಮನೆಗೆ ಬಂದರು. ಬರುವಾಗ ಅವರ ಜೊತೆಯಲ್ಲಿ ಅವರ ಮಡಿಯೂ ಬಂದಿತು. ನಸುಕಿನ ಸ್ನಾನ, ರೇಷ್ಮೆಯ ಪಟ್ಟೆಸೀರೆ, ಜಪ, ಪೂಜೆ. ಇವುಗಳಲ್ಲಿ ಒಂದಕ್ಕೂ ಲೋಪವಿಲ್ಲ. ಆದರೆ ಪಟ್ಟೆಸೀರೆಯು ಮಡಿಗೆ ಸಲ್ಲುವುದೇ ಹೊರತು ಚಳಿಯನ್ನು ತಡೆಯುವುದಿಲ್ಲ. ಮೇಲೆ ಹೊದೆಯಲು ಹತ್ತಿಯ ವಸ್ತ್ರವಾದರೆ ಅದನ್ನು ದಿನವೂ ನೀರಿನಲ್ಲಿ ಹಿಂಡಿ, ಯಾರೂ ಮುಟ್ಟದ ಹಾಗೆ ಹರವಬೇಕು. ಮೂರನೆಯ ಮಾಳಿಗೆಯ ಕಿರುಜಗಲಿಯಲ್ಲಿ ಅದು ಒಣಗುತ್ತಿರಲಿಲ್ಲ. ಧನುರ್ಮಾಸದ ಬೆಳಗುಗಳಲ್ಲಿ ಅರೆಹಸಿಯಾದ ವಸ್ತ್ರವನ್ನು ಹೊದ್ದು ಕುಳಿತ ಆ ಹಿರಿಯ ಜೀವದ ಎದೆಯೊಳಗಿನ ಸಿಳ್ಳು ನಡುಮನೆಯ ವರೆಗೆ ಕೇಳಿಸುತ್ತಿತ್ತು.

ಆ ದಿನಗಳಲ್ಲಿ ಪರಮೇಶ್ವರಿ ಬೂದುಬಣ್ಣದ ಶಾಲೊಂದನ್ನು ಹೆಣೆಯುತ್ತಿದ್ದಳು. ಯಾರಿಗೆಂದು ನಿಶ್ಚಯಿಸಿರಲಿಲ್ಲ. ಒಂದು ಅಪರಾಹ್ನ ತಿಮ್ಮಕ್ಕ ಬಂದು ಪಕ್ಕದಲ್ಲಿ ಕುಳಿತು ಅದರ ಅಂಚನ್ನು ಬೆರಳುಗಳ ನಡುವೆ ಹೊಸೆದು ನೋಡಿದರು.

"ಮೆತ್ತಗೆ ಉಂಟಲ್ಲ. ಯಾರಿಗೆ ಇದು?"

"ಯಾರಿಗೂ ಅಲ್ಲ ಅತ್ತೆ. ಸುಮ್ಮನೆ."

"ಸುಮ್ಮನೆ ಇಷ್ಟುದ್ದ ಮಾಡುದಾ?" ಎಂದು ನಕ್ಕರು. ಬಳಿಕ, "ಉಣ್ಣೆಯದ್ದಾ?" ಎಂದು ಕೇಳಿದರು. "ಉಣ್ಣೆಯಾದರೆ ಮಡಿಗೆ ಆಗ್ತದೆ. ದಿನಾ ಒಗೆಯುವುದು ಬೇಡ, ಯಾರು ಮುಟ್ಟಿದರೂ ಮೈಲಿಗೆ ಇಲ್ಲ. ನನಗೆ ಬೆಳಗ್ಗೆ ಹೊದೆಯಲಿಕ್ಕೆ ಆಗ್ತಿತ್ತು."

ಉಂಡೆಯ ಸುತ್ತಿನ ಕಾಗದದ ಪಟ್ಟಿಯಲ್ಲಿ ಅಕ್ರಿಲಿಕ್ ಎಂದು ಅಚ್ಚಾಗಿದ್ದುದನ್ನು ಪರಮೇಶ್ವರಿ ಬಲ್ಲಳು. ಕಾರ್ಖಾನೆಯಲ್ಲಿ ರಾಸಾಯನಿಕದಿಂದ ತೆಗೆದ ಆ ಎಳೆಗೂ ಕುರಿಯ ಮೈಗೂ ಯಾವ ಸಂಬಂಧವೂ ಇಲ್ಲವೆಂಬುದನ್ನೂ ಬಲ್ಲಳು. ಅಲ್ಲ ಎಂದು ಹೇಳುವುದು ಕಷ್ಟವಾಗಿರಲಿಲ್ಲ. ಆದರೆ ಅವಳ ಕೈಯ ಕೆಲಸವನ್ನು ಒಬ್ಬರು ತಾವಾಗಿ ಬೇಕೆಂದು ಕೇಳಿದ್ದು ಬಹಳ ವರ್ಷಗಳಲ್ಲಿ ಅದೇ ಮೊದಲು.

"ಹೌದು ಅತ್ತೆ," ಎಂದಳು.

ಆ ಒಂದು ಮಾತಿಗೆ ಮನೆಯ ಮುಖವೇ ಬದಲಾಯಿತು. ಶಾಲು ಮುಗಿದ ಮರುದಿನದಿಂದ ತಿಮ್ಮಕ್ಕ ಬೆಚ್ಚಗೆ ಕುಳಿತು ಜಪ ಮಾಡಿದರು. ಎದೆಯ ಸಿಳ್ಳು ಇಳಿಯಿತು. ಮಾತ್ರೆ ಕಡಿಮೆಯಾಯಿತು. ಒಂದು ದಿನವೂ ಬಿಡದೆ ಶಾಲು ಅವರ ಹೆಗಲ ಮೇಲಿತ್ತು; ಪೂಜೆ ಮುಗಿದ ಮೇಲೆ ನಡುಮನೆಯ ಕುರ್ಚಿಯ ಬೆನ್ನಿಗೆ ಬರುತ್ತಿತ್ತು. ಗುಡಿಸುವವಳು ಅದನ್ನು ಸರಿಸಿಟ್ಟರೂ ಬಾಧಕವಿರಲಿಲ್ಲ, ಉಣ್ಣೆಯಲ್ಲವೆ? ಮನೆಗೆ ಬಂದವರಿಗೆಲ್ಲ ತಿಮ್ಮಕ್ಕ ಅದನ್ನು ಬಿಡಿಸಿ ತೋರಿಸುತ್ತಿದ್ದರು: "ನೋಡಿ, ಸೊಸೆ ಹೆಣೆದದ್ದು. ಅಂಗಡಿಯಲ್ಲಿ ಇಂಥದ್ದು ಸಿಕ್ಕುದಿಲ್ಲ." ಸವಣೂರಿನಿಂದ ಬಂದ, ದೂರದ ಸಂಬಂಧದಲ್ಲಿ ನಾದಿನಿಯಾಗುವ ಒಬ್ಬಳು, "ನನ್ನ ಅತ್ತೆಗೂ ಒಂದು ಮಾಡಿ ಕೊಡಿ ಅತ್ತಿಗೆ, ಅವರದ್ದು ನಿಮ್ಮ ಅತ್ತೆಯದ್ದಕ್ಕಿಂತ ಜಾಸ್ತಿ ಮಡಿ, ಮಾತನಾಡಿಸಿದರೂ ಸ್ನಾನ ಮಾಡುದು," ಎಂದಾಗ ಎಲ್ಲರೂ ನಕ್ಕರು. ಕೈನೋವೆಂಬ ನೆಪ ಹೇಳಿ ಪರಮೇಶ್ವರಿ ಅದನ್ನು ತಪ್ಪಿಸಿಕೊಂಡಳು.

ಹೆಣಿಗೆಯಲ್ಲಿ ಒಂದು ಕುಣಿಕೆ ಕಡ್ಡಿಯಿಂದ ಜಾರಿದರೆ ಆ ಕ್ಷಣಕ್ಕೆ ಏನೂ ತೋರುವುದಿಲ್ಲ. ಸಾಲುಗಳು ಏರುತ್ತ ಹೋದಂತೆ ಅದು ಕೆಳಗೆ ಕೆಳಗೆ ಬಿಚ್ಚಿಕೊಳ್ಳುತ್ತದೆ. ಪರಮೇಶ್ವರಿಯ ಅಂತರಂಗದಲ್ಲಿ ನಡೆದದ್ದು ಅದೇ. ಪ್ರತಿದಿನ ಪೂಜೆಯಾದ ಮೇಲೆ ತಿಮ್ಮಕ್ಕ ಆ ಶಾಲಿನೊಳಗಿಂದ ಕೈ ಚಾಚಿ ಅವಳಿಗೆ ತೀರ್ಥ ಕೊಡುತ್ತಿದ್ದರು. ಅಂಗೈಯೊಡ್ಡುವಾಗ ಅವಳ ದೃಷ್ಟಿ ನೆಲಕ್ಕಿಳಿಯುತ್ತಿತ್ತು. ದೇವರು ವಸ್ತ್ರವನ್ನು ನೋಡುವುದಿಲ್ಲ, ಭಾವವನ್ನು ನೋಡುತ್ತಾನೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆ ಸಮಾಧಾನ ಹೆಚ್ಚು ದಿನ ನಿಲ್ಲಲಿಲ್ಲ. ಭಾವವನ್ನೇ ನೋಡುವನೆಂದಾದರೆ ಅತ್ತೆಯ ಭಾವ ನಿರ್ಮಲವಾಗಿತ್ತು. ಅವನು ನೋಡುತ್ತಿದ್ದುದು ತನ್ನದನ್ನು. ಅತ್ತೆಗೆ ಉಸಿರು ಹಗುರಾಯಿತಲ್ಲ ಎಂಬ ಇನ್ನೊಂದು ಸಮಾಧಾನವೂ ಇತ್ತು. ಆದರೆ ತಾನು ಹೌದೆಂದದ್ದು ಅತ್ತೆಯ ಉಸಿರಿಗಾಗಿ ಅಲ್ಲವೆಂಬುದು ಅವಳೊಬ್ಬಳಿಗೆ ಗೊತ್ತಿತ್ತು.

ಶಿವರಾತ್ರಿ ಕಳೆದ ಕೆಲವು ದಿನಗಳ ಮೇಲೆ, ಮಂಗಳಾರತಿಯ ತಟ್ಟೆಯಿಂದ ಉರಿಯುವ ಕರ್ಪೂರದ ತುಣುಕೊಂದು ಸಿಡಿದು ಶಾಲಿನ ಅಂಚಿಗೆ ಬಿದ್ದಿತು. ತಿಮ್ಮಕ್ಕ ಅಂಗೈಯಿಂದ ಬಡಿದು ಆರಿಸಿದರು. ಬೆರಳೊಂದರಲ್ಲಿ ಬೊಕ್ಕೆಯೆದ್ದಿತು. ಶಾಲಿನಲ್ಲಿ ಕಿರಿದಾದ ತೂತು. ತೂತಿನ ಸುತ್ತ ಕರಗಿ ಹೆಪ್ಪುಗಟ್ಟಿದ ಕರಿಯ ಮಣಿಯಂಥ ಗಂಟು.

"ಎಂತ ಇದು? ಉಣ್ಣೆ ಸುಟ್ಟರೆ ಪುಡಿ ಆಗುದಲ್ವಾ? ಇದು ಕಲ್ಲಿನ ಹಾಗೆ ಉಂಟು," ಎಂದರು ತಿಮ್ಮಕ್ಕ.

"ಬಣ್ಣ ಹಾಕಿದ್ದಲ್ವಾ ಅತ್ತೆ, ಅದಕ್ಕೆ," ಎಂದಳು ಪರಮೇಶ್ವರಿ. ಈ ಸಲ ಮಾತು ಮೊದಲಿಗಿಂತ ಸರಾಗವಾಗಿ ಬಂದಿತು. ಅದೇ ಅವಳನ್ನು ಹೆದರಿಸಿತು.

ತಿಮ್ಮಕ್ಕ ಮತ್ತೇನೂ ಕೇಳಲಿಲ್ಲ. ಪರಮೇಶ್ವರಿ ತೂತನ್ನು ಹೆಣೆದು ಮುಚ್ಚಿದಳು. ಗಂಟನ್ನು ಕತ್ತರಿಸಿದರೆ ಸುತ್ತಲಿನ ಎಳೆಗಳೆಲ್ಲ ಬಿಚ್ಚುವುವೆಂದು ಅದನ್ನು ಹಾಗೆಯೇ ಒಳಗಿರಿಸಿದಳು.

ಆ ವರ್ಷ ಐವರ್ನಾಡಿನ ಮನೆಯ ಮಾಡಿನ ಹೆಂಚು ಬದಲಿಸುವ ಕೆಲಸ ನಡೆದಿದ್ದುದರಿಂದ ಮಾವನವರ ತಿಥಿಯನ್ನು ಪುತ್ತೂರಿನ ಮನೆಯಲ್ಲಿ ಮಾಡುವುದೆಂದು ಅಣ್ಣತಮ್ಮಂದಿರು ನಿಶ್ಚಯಿಸಿದರು. ಅದನ್ನು ಕೇಳಿದ ತಿಮ್ಮಕ್ಕ, "ಅಡುಗೆ ನೀವು ಸೊಸೆಯಂದಿರು ಮಾಡಿ. ಪಾಯಸ ಮಾತ್ರ ನಾನೇ ಮಾಡುದು. ಅವರಿಗೆ ಬೇರೆಯವರು ಮಾಡಿದ ಪಾಯಸ ಇಳಿಯುತ್ತಿರಲಿಲ್ಲ," ಎಂದರು. ಬಳಿಕ ಸೊಸೆಯ ಕಡೆಗೆ ತಿರುಗಿ, "ನಸುಕಿಗೆ ತಲೆಸ್ನಾನ ಮಾಡಿ ಬಂದರೂ ನಿನ್ನ ಶಾಲು ಇದ್ದರೆ ನನಗೆ ಒಲೆಯ ಎದುರು ಎಷ್ಟು ಹೊತ್ತು ನಿಲ್ಲಲಿಕ್ಕೂ ಧೈರ್ಯ," ಎಂದು ಸೇರಿಸಿದರು.

ಪರಮೇಶ್ವರಿಗೆ ಆ ದಿನದಿಂದ ಊಟ ರುಚಿಸಲಿಲ್ಲ. ತನ್ನ ಸುಳ್ಳು ಇದುವರೆಗೆ ದೇವರ ಮುಂದೆ ಕುಳಿತಿತ್ತು. ಇನ್ನು ಅದು ಪಿತೃಗಳ ಎಡೆಯನ್ನೂ ಮುಟ್ಟುವುದು. ಅದಕ್ಕಿಂತಲೂ ಹತ್ತಿರದ ಭಯ ಇನ್ನೊಂದಿತ್ತು. ಕರ್ಪೂರದ ಒಂದು ತುಣುಕಿಗೆ ಕರಗಿದ ಆ ನೂಲು ಒಲೆಯ ಉರಿಯ ಹತ್ತಿರ ಅತ್ತೆಯ ಮೈಮೇಲೆ ಇಳಿಬಿದ್ದಿರುವ ಚಿತ್ರ ಅವಳ ಕಣ್ಣೆದುರಿಗೆ ಮತ್ತೆ ಮತ್ತೆ ಬಂದು ನಿಲ್ಲುತ್ತಿತ್ತು. ಆದರೂ ಬಾಯಿಬಿಟ್ಟು ಹೇಳುವ ಬಲ ಬರಲಿಲ್ಲ. ಹೇಳದೆಯೇ ಸರಿಪಡಿಸುವ ದಾರಿಯೊಂದನ್ನು ಅವಳ ಮನಸ್ಸು ಹುಡುಕಿತು. ಅಂಥದೇ ಇನ್ನೊಂದು ಶಾಲು, ಅದೇ ಬಣ್ಣ, ಅದೇ ವಿನ್ಯಾಸ, ಆದರೆ ನಿಜವಾದ ಉಣ್ಣೆಯದು. ತಿಥಿಯ ಮೊದಲು ಕುರ್ಚಿಯ ಬೆನ್ನಿನ ಮೇಲೆ ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ಸಾಕು.

ಅವಳು ಯಾವಾಗಲೂ ನೂಲು ಕೊಳ್ಳುವುದು ಪೇಟೆಯ ಫ್ಯಾನ್ಸಿ ಅಂಗಡಿಯ ಶಾಹಿದಾಳ ಬಳಿಯಲ್ಲಿ. ಶಾಹಿದಾ ಮಾತಿನಲ್ಲಿ ಚುರುಕು. ಗಿರಾಕಿ ಬಂದರೆ ಮೊದಲು ಕಾಲೆಳೆದು ಆಮೇಲೆ ವ್ಯಾಪಾರ.

"ಎಂತ ಪರಮೇಶ್ವರಿಯಕ್ಕಾ, ಇಷ್ಟು ವರ್ಷ ಅಕ್ರಿಲಿಕ್ ಆಗ್ತಿತ್ತು, ಈಗ ಶುದ್ಧ ಉಣ್ಣೆಯೇ ಬೇಕಾ? ಪುತ್ತೂರಿನಲ್ಲಿ ಹಿಮ ಬೀಳ್ತದೆ ಅಂತ ಟೀವಿಯಲ್ಲಿ ಬಂತಾ?"

"ತರಿಸಿ ಕೊಡು ಶಾಹಿದಾ. ಇದೇ ಬೂದುಬಣ್ಣ."

"ತರಿಸುವಾ. ಆದರೆ ಈಗಲೇ ಹೇಳ್ತೇನೆ, ಅದು ಚುಚ್ಚುತ್ತದೆ. ನಿಮಗೆ ಈ ಮೆತ್ತಗಿನದ್ದೇ ಅಭ್ಯಾಸ ಆಗಿದೆ. ನಾಳೆ ಬಂದು ಶಾಹಿದಾ ಹೇಳಲಿಲ್ಲ ಅಂತ ಬೇಡ."

ತಾನು ಮಾರುವ ವಸ್ತುವಿನ ದೋಷವನ್ನು ಮಾರುವ ಮೊದಲೇ ಹೇಳಿದ ಆ ಮಾತು ಪರಮೇಶ್ವರಿಯನ್ನು ಅಲ್ಲಿಯೇ ಚುಚ್ಚಿತು. ಅವಳು ಹೆಚ್ಚು ಮಾತನಾಡದೆ ಹೊರಟುಬಂದಳು.

ಉಣ್ಣೆ ಬಂದಿತು. ಊಟದ ನಂತರ ತಿಮ್ಮಕ್ಕ ಮಲಗುವ ಹೊತ್ತಿನಲ್ಲಿ ಪರಮೇಶ್ವರಿ ಒಳಕೋಣೆಯ ಬಾಗಿಲು ಹಾಕಿಕೊಂಡು ಹೆಣೆದಳು. ಹೆಣಿಗೆಯಲ್ಲಿ ಅವಳಿಗೆ ಹಿಂದೆ ದೊರೆಯುತ್ತಿದ್ದ ನೆಮ್ಮದಿ ಈ ಕೆಲಸದಲ್ಲಿ ದೊರೆಯಲಿಲ್ಲ. ಕಳ್ಳತನದಿಂದ ಮಾಡಿದ ಒಳ್ಳೆಯ ಕೆಲಸಕ್ಕೂ ಕಳ್ಳತನದ ಬೆವರೇ ಬರುವುದೆಂದು ಅವಳು ಕಂಡುಕೊಂಡಳು. ಒಮ್ಮೆ ಕೃಷ್ಣಮೋಹನ ಬಾಗಿಲು ತಟ್ಟಿ, "ಎಂತ ಮಾಡುದು ಒಳಗೆ?" ಎಂದಾಗ ಶಾಲನ್ನು ದಿಂಬಿನಡಿಗೆ ತಳ್ಳಿದಳು. ಅವನಿಗೂ ಅವಳು ಹೇಳಿರಲಿಲ್ಲ.

ತಿಥಿಗೆ ಎರಡು ದಿನ ಮೊದಲು, ತಿಮ್ಮಕ್ಕ ಸ್ನಾನಕ್ಕೆ ಹೋದ ಸಮಯದಲ್ಲಿ, ಶಾಲು ಬದಲಾಯಿತು. ಹಳೆಯದು ಕಪಾಟಿನ ಆಳಕ್ಕೆ ಸೇರಿತು. ಹೊಸದು ಹಳೆಯದರಂತೆಯೇ ಇತ್ತು. ಹೆಣೆದವಳಿಗೇ ಒಂದು ಗಳಿಗೆ ಭೇದ ಕಾಣಲಿಲ್ಲ. ತಿಮ್ಮಕ್ಕ ಪಟ್ಟೆಸೀರೆಯುಟ್ಟು ಬಂದು ಅದನ್ನು ಹೊದ್ದು ಜಪಕ್ಕೆ ಕುಳಿತರು. ಅಡುಗೆಮನೆಯಲ್ಲಿ ನಿಂತು ಪರಮೇಶ್ವರಿ ಕಿವಿಗೊಟ್ಟಳು. ಜಪದ ಪಿಸುದನಿ ಸ್ವಲ್ಪ ಹೊತ್ತು ನಡೆದು ನಿಂತಿತು. ಮತ್ತೆ ತೊಡಗಿತು. ಮತ್ತೆ ನಿಂತಿತು.

"ಪರಮೇಶ್ವರೀ."

ಅವಳು ಹೋಗಿ ಬಾಗಿಲಲ್ಲಿ ನಿಂತಳು. ತಿಮ್ಮಕ್ಕನ ಬೆರಳುಗಳು ಶಾಲಿನ ಅಂಚಿನಲ್ಲಿ ತಡಕಾಡುತ್ತಿದ್ದವು.

"ಇದರಲ್ಲಿ ಆ ಗಂಟು ಇಲ್ಲ."

ಅವರು ಶಾಲನ್ನು ಕುತ್ತಿಗೆಯಿಂದ ಸರಿಸಿದರು.

"ಕುತ್ತಿಗೆಗೂ ಚುಚ್ಚುತ್ತದೆ. ಇದು ಆ ಶಾಲು ಅಲ್ಲ, ಅಲ್ವಾ?"

ಹಳೆಯ ಗಂಟನ್ನು ತೆಗೆದುಬಿಟ್ಟೆ, ಒಗೆದದ್ದರಿಂದ ಒರಟಾಯಿತು ಎಂಬ ಮಾತು ಪರಮೇಶ್ವರಿಯ ನಾಲಗೆಯ ವರೆಗೆ ಬಂದಿತ್ತು. ಎಷ್ಟು ಸಲೀಸಾಗಿ ಬಂದಿತ್ತೆಂದರೆ, ಅದನ್ನು ತಡೆಯಲು ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಳ್ಳಬೇಕಾಯಿತು.

"ಅಲ್ಲ ಅತ್ತೆ. ಇದು ಉಣ್ಣೆಯದ್ದು. ಅದು ಉಣ್ಣೆಯದ್ದಲ್ಲ. ಅಕ್ರಿಲಿಕ್, ಪ್ಲಾಸ್ಟಿಕಿನ ಹಾಗೆ. ನೀವು ಕೇಳಿದಾಗಲೇ ನನಗೆ ಗೊತ್ತಿತ್ತು."

ದೇವರ ದೀಪ ಉರಿಯುತ್ತಿತ್ತು. ಕೆಳಗಿನ ರಸ್ತೆಯಲ್ಲಿ ಸವಣೂರಿನ ಬಸ್ಸು ಹೋದ ಸದ್ದು ಕೇಳಿಸಿತು.

"ಗೊತ್ತಿದ್ದು ಹೌದು ಅಂದೆಯಾ?"

"ಹೌದು."

"ಎಂತಕ್ಕೆ?"

"ನಾನು ಮಾಡಿದ್ದನ್ನು ಯಾರೂ ಹಾಕುದಿಲ್ಲ ಅತ್ತೆ. ನೀವು ಬೇಕು ಅಂತ ಕೇಳಿದಿರಿ. ಅಲ್ಲ ಅಂದರೆ ನೀವೂ ಬಿಟ್ಟುಬಿಡ್ತಿದ್ದಿರಿ."

ಅದನ್ನು ಹೇಳಿದ ಮೇಲೆ ಅವಳಿಗೆ ಹಗುರಾಗಲಿಲ್ಲ. ಬಾಯಿಂದ ಹೊರಟಾಗ ಆ ಕಾರಣವು ಮನಸ್ಸಿನಲ್ಲಿದ್ದುದಕ್ಕಿಂತ ಕಿರಿದಾಗಿ ಕಂಡಿತು. ಇಷ್ಟಕ್ಕಾಗಿ ಅತ್ತೆಯ ಅಷ್ಟು ಬೆಳಗುಗಳನ್ನು ಕೆಡಿಸಿದೆನೆ ಎಂದು ನಾಚಿಕೆಯಾಯಿತು.

ತಿಮ್ಮಕ್ಕ ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತೆಂದು ಪರಮೇಶ್ವರಿಗೆ ಅನಿಸಿತು. ಅವರು ದೇವರ ಕಡೆಗೆ ಮುಖ ಮಾಡಿಕೊಂಡೇ ಹೇಳಿದರು:

"ಬೆಂಡೆಕಾಯಿ ಎಳತಾ ಅಂತ ನಾನು ಅಂಗಡಿಯವನ ಹತ್ತಿರ ಮೂರು ಸಲ ಕೇಳುವವಳು. ಇದನ್ನು ಒಂದೇ ಸಲ ಕೇಳಿದ್ದು. ಎರಡನೇ ಸಲ ಕೇಳಿದರೆ ಎಲ್ಲಿ ಅಲ್ಲ ಅಂತ ಬರ್ತದೋ ಅಂತ. ಬೆಚ್ಚಗೆ ಇತ್ತಲ್ಲ." ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಮತ್ತೆ ಹೇಳಿದರು: "ಆ ಗಂಟು ಬೆರಳಿಗೆ ಸಿಕ್ಕಿದಾಗೆಲ್ಲ ನಾನು ಬೇರೆ ಎಂತದಾದರೂ ಯೋಚನೆ ಮಾಡುತ್ತಿದ್ದೆ."

"ಹಾಗಾದರೆ ಅಷ್ಟು ದಿನದ ಜಪ ಅತ್ತೆ?"

"ಮಾಡಿದ ಜಪವನ್ನು ವಾಪಸು ತರಲಿಕ್ಕೆ ಆಗುದಿಲ್ಲ. ಅದನ್ನು ದೇವರು ಎಂತ ಬೇಕಾದರೂ ಮಾಡಲಿ. ನೀನು ಹೋಗು, ಒಲೆಯ ಮೇಲೆ ಹಾಲು ಉಂಟು."

ಹಾಲು ಉಕ್ಕಿಹೋಗಿತ್ತು. ಒಲೆಯನ್ನು ಒರೆಸುತ್ತ ಪರಮೇಶ್ವರಿ ಸದ್ದಿಲ್ಲದೆ ಅತ್ತಳು. ಆ ದಿನ ತೀರ್ಥವನ್ನು ತಿಮ್ಮಕ್ಕ ಅವಳ ಕೈಗೆ ಕೊಡಲಿಲ್ಲ. ಕಲಶವನ್ನು ಮಣೆಯ ಮೇಲಿಟ್ಟು ಎದ್ದುಹೋದರು. ಅವಳು ತಾನೇ ತೆಗೆದುಕೊಂಡಳು.

ತಿಥಿಯ ದಿನ ತಿಮ್ಮಕ್ಕ ಹೊಸ ಶಾಲನ್ನು ಹೊದ್ದು ಪಾಯಸ ಕಲಕಿದರು. ಒಲೆಯ ಝಳ, ಏಪ್ರಿಲಿನ ಸೆಕೆ, ಒರಟಾದ ಉಣ್ಣೆ; ಇವು ಮೂರೂ ಸೇರಿ ಅವರ ಕುತ್ತಿಗೆಯ ಸುತ್ತ ಕೆಂಪು ಗೆರೆಗಳೆದ್ದವು. ಶಾಲನ್ನು ತೆಗೆದಿಡಿ, ಇಂದು ಚಳಿಯಿಲ್ಲವಲ್ಲ ಎಂದು ಹೇಳಲು ಪರಮೇಶ್ವರಿ ಎರಡು ಸಲ ಹತ್ತಿರ ಹೋದಳು. ಹೇಳುವ ಅಧಿಕಾರ ತನಗಿದೆಯೆಂದು ತೋರದೆ ಹಿಂದಿರುಗಿದಳು. ಬಡಿಸುವ ಹೊತ್ತಿನಲ್ಲಿ ಶ್ಯಾಮನ ಹೆಂಡತಿ, "ಅತ್ತೆಯ ಶಾಲು ಚಂದ ಉಂಟಲ್ಲ, ಉಣ್ಣೆಯದ್ದಾ?" ಎಂದು ಕೇಳಿದಳು.

"ಇದು ಉಣ್ಣೆಯದ್ದು," ಎಂದರು ತಿಮ್ಮಕ್ಕ. ಮೊದಲಿನ ಪದದ ಮೇಲೆ ಅವರು ಇಟ್ಟ ಭಾರವನ್ನು ಆ ಪಂಕ್ತಿಯಲ್ಲಿ ಒಬ್ಬಳೇ ಅರಿತಳು. ಅವಳ ಕೈಯ ಸೌಟು ಎಲೆಯ ಮೇಲೆ ಒಂದು ಕ್ಷಣ ತಡೆಯಿತು.

ನೆಂಟರೆಲ್ಲ ಹೊರಟುಹೋದ ಮರುದಿನ ಪರಮೇಶ್ವರಿ ಪೆಟ್ಟಿಗೆಯಿಂದ ತನ್ನ ಧಾರೆಸೀರೆಯನ್ನು ಹೊರತೆಗೆದಳು. ಉಣ್ಣೆಯ ಶಾಲಿನ ಒಳಗಡೆ, ಕುತ್ತಿಗೆಗೆ ತಾಗುವಲ್ಲಿ, ಪಟ್ಟೆಯ ತುಂಡೊಂದನ್ನು ಹೊಲಿದರೆ ಚುಚ್ಚಲಾರದು; ಪಟ್ಟೆಯೂ ಮಡಿಯೇ. ಸೆರಗಿಗೆ ಕತ್ತರಿ ಇಡುವ ಮೊದಲು ಅವಳು ಅಂಚಿನಿಂದ ಒಂದು ಎಳೆಯನ್ನು ಬಿಡಿಸಿ, ಬೆಂಕಿಪೆಟ್ಟಿಗೆಯನ್ನು ಹುಡುಕಿದಳು. ಅಷ್ಟರಲ್ಲಿ ತಿಮ್ಮಕ್ಕ ಕೋಣೆಗೆ ಬಂದರು. ಅವರ ಹೆಗಲ ಮೇಲೆ ಹಳೆಯ ಶಾಲಿತ್ತು. ಕಪಾಟಿನಿಂದ ತಾವೇ ಹುಡುಕಿ ತೆಗೆದಿದ್ದರು.

"ಇದನ್ನು ಬಿಚ್ಚಿ ಹಾಕಬೇಡ," ಎಂದರು. "ಮಡಿಗೆ ಅಲ್ಲ. ಸಂಜೆ ಟೀವಿ ನೋಡುವಾಗ ಹೊದೆಯಲಿಕ್ಕೆ." ಬಳಿಕ ಹಾಸಿಗೆಯ ಮೇಲೆ ಹರಡಿದ್ದ ಸೀರೆಯನ್ನು ನೋಡಿದರು. "ಧಾರೆಸೀರೆ ಅಲ್ವಾ? ಎಂತ ಮಾಡುದು ಅದನ್ನು?"

"ಶಾಲಿಗೆ ಒಳಗಿಂದ ಹೊಲಿಯುದು ಅತ್ತೆ. ಮೊದಲು ಪಟ್ಟೆ ಹೌದಾ ಅಂತ ಸುಟ್ಟು ನೋಡುದು."

"ನಿನ್ನ ಅಪ್ಪ ಕೊಡಿಸಿದ್ದು. ಪಟ್ಟೆ ಅಲ್ಲ ಅಂತಾದರೆ?"

"ಅಲ್ಲ ಅಂತ ಹೇಳ್ತೇನೆ."

ತಿಮ್ಮಕ್ಕ ಹಾಸಿಗೆಯ ಅಂಚಿನಲ್ಲಿ ಕುಳಿತರು. ಪರಮೇಶ್ವರಿ ಕಡ್ಡಿ ಗೀರಿದಳು. ಎಳೆಯು ಮುದುಡಿ, ಕಿಡಿಯೊಂದು ಅದರ ಮೇಲೆ ಹರಿದು ನಂದಿತು. ಅವಳು ತಾನು ಮೂಸದೆ, ಹೊಗೆಯಾಡುವ ಆ ತುದಿಯನ್ನು ಮೊದಲು ಅತ್ತೆಯ ಮುಂದೆ ಹಿಡಿದಳು. ತಿಮ್ಮಕ್ಕ ಬಾಗಿ ಮೂಸಿದರು. ಕರಿದಾದ ತುದಿಯನ್ನು ಎರಡು ಬೆರಳುಗಳ ನಡುವೆ ತಿಕ್ಕಿದರು. ಅದು ಪುಡಿಯಾಗಿ ಉದುರಿತು. ಸಮಾಧಾನವಾಗದೆ ಇನ್ನೊಮ್ಮೆ ಮೂಸಿದರು.

"ಕೂದಲು ಸುಟ್ಟ ವಾಸನೆ, ಪಟ್ಟೆಯದ್ದೇ," ಎಂದರು. "ಇನ್ನೊಂದು ಎಳೆ ತೆಗೆ. ಒಳಗಿನಿಂದ."

ಪರಮೇಶ್ವರಿ ಇನ್ನೊಂದು ಎಳೆ ತೆಗೆದಳು.